ಅತ್ತಿ ಹೊಟೇಲಿನಲ್ಲಿ ಉಂಡ ದಿನ

ಆಗದ ಮಾತು ಎಂದು ಹೇಳಿದವಳು ನಮ್ಮ ನೀಲವ್ವ ಅತ್ತಿ, ಅಪ್ಪನ ಅಕ್ಕ. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದ ವರ್ಷ ಅದು. ಖಾನಾಪುರದ ಮನೆಯ ಪಡಸಾಲೆಯಲ್ಲಿ ಹಿರಿಯರು ಕೂತು ನನ್ನ ಮುಂದಿನ ಗತಿಯ ವಿಚಾರ ನಡೆಸಿದ್ದರು. ಹೊಲಿಗೆ ಕಲಿಸಬೇಕೋ, ಗಂಡು ನೋಡಬೇಕೋ ಎಂಬಲ್ಲಿಗೆ ಮಾತು ಬಂದು ನಿಂತಾಗ ನಾನು ಬಾಗಿಲ ಮರೆಯಿಂದಲೇ, "ನಾ ಡಿಗ್ರಿ ಮಾಡಾಕಿ" ಎಂದೆ. ಅತ್ತಿ ಅಕ್ಕಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ನೀ ಡಿಗ್ರಿ ಮುಗಿಸಿದ ದಿನ ನಾ ಹೊಟೇಲನ್ಯಾಗ ಕುಂತ ಉಣತೇನಿ, ತಗೊ."

ಅವ್ವ ನಕ್ಕಳು, ಕಾಕಾ ನಕ್ಕ, ಕಡೆಗೆ ನನಗೂ ನಗು ಬಂತು. ಅಪ್ಪ ಮಾತ್ರ ನಗಲಿಲ್ಲ. ಎದ್ದು ಕಟ್ಟೆಯ ಮೇಲೆ ಹೋಗಿ ಬೀದಿ ನೋಡುತ್ತ ನಿಂತ. ಮಗಳು ಫೇಲಾದ ಬೇಸರ ಎಂದುಕೊಂಡೆ. ಹುಡುಗಿಯರಿಗೆ ಜಗತ್ತಿನ ಬೇಸರವೆಲ್ಲ ತಮ್ಮ ಸಲುವಾಗಿಯೇ ಎಂದು ಅನಿಸುವ ವಯಸ್ಸು ಅದು.

ಅತ್ತಿ ಹೊಟೇಲಿನಲ್ಲಿ ಉಣ್ಣುವುದೆಂದರೆ ನಮ್ಮ ಮನೆಯಲ್ಲಿ ಅದೊಂದು ಗಾದೆ. ನನ್ನ ತಮ್ಮ ಬೆಳಿಗ್ಗೆ ತಾನಾಗಿ ಏಳುವುದು ಯಾವಾಗ? ಅತ್ತಿ ಹೊಟೇಲಿನಲ್ಲಿ ಉಂಡಾಗ. ಕೊಟ್ಟಿಗೆಯ ಬಾಗಿಲು ದುರಸ್ತಿಯಾಗುವುದು ಯಾವಾಗ? ಅದೂ ಆಗಲೇ. ಆ ಸಾಲಿಗೆ ನನ್ನ ಪದವಿಯೂ ಸೇರಿತು.

ಇದೆಲ್ಲ ಈಗ ನೆನಪಾಗಲು ಕಾರಣ ಎರಡು ಕಡ್ಡಿಗಳು. ಬೆಳಗಾವಿಯ ಖಾಸಬಾಗದ ನನ್ನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಚಮಚದ ಡಬ್ಬಿಯೊಳಗೆ, ಸೌಟಿನ ಬಾಜು ನಿಂತಿವೆ. ಕಪ್ಪು, ನಯ, ತುದಿಗೆ ಸಣ್ಣಗೆ ಹೂವಿನ ಚಿತ್ರ. ಚೀನಾದವರೂ ಅದರ ಆಚೀಚಿನ ದೇಶದವರೂ ಇಂಥವುಗಳಿಂದ ಉಣ್ಣುತ್ತಾರೆ. ನಾನು ಮೆಣಸಿನಕಾಯಿ ಭಜಿ ಮಗುಚಲು ಬಳಸುತ್ತೇನೆ. ಹಾಗೆ ಮಗುಚುವಾಗಲೆಲ್ಲ ಅತ್ತಿಯ ಎರಡು ಕೈ ಕಣ್ಣ ಮುಂದೆ ಬರುತ್ತವೆ, ತಾಟಿನ ಅಂಚನ್ನು ಗಟ್ಟಿಯಾಗಿ ಹಿಡಿದ ಕೈಗಳು.

ಮೊದಲು ಅವಳ ಊಟದ ರೀತಿ ಹೇಳಬೇಕು. ಕೊರಳಲ್ಲಿ ಇಷ್ಟಲಿಂಗವಿಟ್ಟ ಬೆಳ್ಳಿಯ ಲಿಂಗದಕಾಯಿ, ಹಣೆಗೆ ವಿಭೂತಿ. ಪೂಜೆಯಾಗದೆ ನೀರೂ ಇಲ್ಲ. ಬಡಿಸಿದ್ದನ್ನು ಮೊದಲು ಲಿಂಗಕ್ಕೆ ತೋರಿಸಬೇಕು, ತೋರಿಸಿದ ಮೇಲೆ ಅದು ಅನ್ನವಲ್ಲ, ಪ್ರಸಾದ. ಪ್ರಸಾದ ಒಂದು ಅಗುಳೂ ಕೆಡಬಾರದು. ಉಂಡಾದ ಮೇಲೆ ತಾಟಿಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಎತ್ತಿ ಕುಡಿಯುವಳು. ಆಮೇಲೆ ಆ ತಾಟು ಉಂಡ ತಾಟೋ ಗೋಡೆಯ ಮಾಡದಿಂದ ಈಗ ಇಳಿಸಿದ್ದೋ ಎಂದು ಹೇಳುವುದು ಕಷ್ಟ. ನಮ್ಮ ಮನೆಯ ನಾಯಿ ಉಳಿದವರು ಉಣ್ಣುವಾಗ ಬಾಗಿಲಲ್ಲಿ ಬಾಲ ಆಡಿಸುತ್ತ ಕೂಡುತ್ತಿತ್ತು. ಅತ್ತಿ ಕೂತಳೆಂದರೆ ಎದ್ದು ಹೋಗುತ್ತಿತ್ತು. ಅದಕ್ಕೂ ಅನುಭವ.

ನಾವು ಮಕ್ಕಳು ಅವಳನ್ನು ನೋಡಿ ತಾಟು ತೊಳೆದು ಕುಡಿಯುತ್ತಿದ್ದೆವು. ಸಾರು ಖಾರವಾದ ದಿನ ಕಣ್ಣಲ್ಲಿ ನೀರು. "ಕುಡೀರಿ, ಕುಡೀರಿ. ಉಂಡ ಋಣ ತಾಟಿನ್ಯಾಗ ಇಡಬಾರದು" ಎನ್ನುತ್ತಿದ್ದಳು.

ಗಂಡ ಹೋದ ಮೇಲೆ ತವರಿಗೆ ಬಂದವಳು ಅವಳು. ನಾನು ಹುಟ್ಟುವ ಮೊದಲಿನ ಮಾತು. ಆ ಮಾಮಾನನ್ನು ನಾನು ಫೋಟೊದಲ್ಲೂ ನೋಡಿಲ್ಲ. ನನ್ನನ್ನು ಎತ್ತಿ ಆಡಿಸಿದವಳು, ಜಡೆ ಹೆಣೆದವಳು, ಮಳೆಯಲ್ಲಿ ತಲೆಗೆ ಕಂಬಳಿಯ ಗೊಂಚಿಗೆ ಹೊದಿಸಿ ಶಾಲೆಗೆ ಮುಟ್ಟಿಸಿ ಬಂದವಳು ಅವಳೇ. ನಿನಗೆ ಆಗದು ಎಂದವಳೂ ಅವಳೇ, ನಸುಕಿನಲ್ಲಿ ಎದ್ದು ನನ್ನ ಬುತ್ತಿಗೆ ರೊಟ್ಟಿ ಬಡಿದವಳೂ ಅವಳೇ.

ಇನ್ನು ಅಪ್ಪ. ನಮ್ಮ ಕಡೆಯ ಉಪಚಾರ ನಿಮಗೆ ಗೊತ್ತು. ಬೀಗರು ಬಂದರೆ ಬಡಿಸುವವರು ಕೈ ಹಿಡಿದು, ಆಣೆ ಹಾಕಿ, "ಇನ್ನೊಂದ ರೊಟ್ಟಿ, ನನ್ನ ಸಲುವಾಗಿ" ಎಂದು ಕಾಡಿಯೇ ಕಾಡುತ್ತಾರೆ. ಅಪ್ಪನ ಬಾಯಿಂದ ಆ ಮಾತು ಒಮ್ಮೆಯೂ ಬರಲಿಲ್ಲ. ಯಾರಿಗೂ ಉಣ್ಣು ಎನ್ನಲಿಲ್ಲ. ಬಂದವರು ಅರ್ಧ ಉಂಡು ಎದ್ದರೂ ಸುಮ್ಮನಿರುತ್ತಿದ್ದ. "ಇವನ ಮನ್ಯಾಗ ಉಣಬೇಕಂದ್ರ ನಾವ ಕೇಳಿ ಬಡಿಸ್ಕೊಂಡ ಉಣಬೇಕು" ಎಂದು ಬೀಗರು ಆಡಿಕೊಳ್ಳುತ್ತಿದ್ದರು. ನಾವೂ ಅಪ್ಪನದು ಒಣ ಸ್ವಭಾವ ಎಂದುಕೊಂಡಿದ್ದೆವು. ಅಪ್ಪ ಈಗ ಇಲ್ಲ.

ನಾನು ಪದವಿ ಮಾಡಿದ ಕಥೆ ದೊಡ್ಡದೇನಲ್ಲ, ಉದ್ದವಾದದ್ದು. ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಎರಕದ ತುಂಡುಗಳನ್ನು ಅಳತೆ ನೋಡಿ ಒಳ್ಳೆಯದು, ಕೆಟ್ಟದ್ದು ಎಂದು ಬೇರೆ ಮಾಡುವ ಕೆಲಸ. ಮದುವೆಯಾಯಿತು. ಖಾಸಬಾಗಕ್ಕೆ ಬಂದೆ. ಅಲ್ಲಿ ಗೋಡೆಯ ಆಚೆ ಮಗ್ಗಗಳ ಖಟಖಟ. ಮೊದಮೊದಲು ತಲೆ ಚಿಟ್ಟೆನ್ನುತ್ತಿತ್ತು. ಆಮೇಲೆ ಆ ಸದ್ದಿನ ತಾಳಕ್ಕೇ ಪಾಠ ಬಾಯಿಪಾಠವಾಗತೊಡಗಿತು. ಕರೆಂಟು ಹೋಗಿ ಮಗ್ಗ ನಿಂತರೆ ನನ್ನ ಓದೂ ನಿಲ್ಲುತ್ತಿತ್ತು. ಪರೀಕ್ಷೆಯ ಕೋಣೆಯ ಮೌನದಲ್ಲಿ ಎಷ್ಟೋ ಉತ್ತರಗಳು ಮರೆತುಹೋದದ್ದು ಹೀಗೆ ಎಂದು ಗಂಡ ಬಸವರಾಜನ ತರ್ಕ. ನನ್ನ ತರ್ಕ ಬೇರೆ. ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ, ಅಷ್ಟೇ. ಬಿದ್ದೆ, ಮತ್ತೆ ಕಟ್ಟಿದೆ, ಮತ್ತೆ ಬಿದ್ದೆ. ಪಿಯುಸಿ ದಾಟಿ ದೂರಶಿಕ್ಷಣದ ಬಿ.ಎ. ಮುಗಿಸುವ ಹೊತ್ತಿಗೆ ನನ್ನ ಜೊತೆ ಓದಿದವರ ಮಕ್ಕಳು ಹೈಸ್ಕೂಲು ಸೇರಿದ್ದರು. ನಮ್ಮ ಎರಡೂ ಮನೆತನಗಳಲ್ಲಿ ಅದು ಮೊದಲ ಪದವಿ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಪ್ರಮಾಣಪತ್ರ ಕೈಗೆ ಬಂದ ವಾರವೇ ಖಾನಾಪುರದ ಬಸ್ಸು ಹತ್ತಿದೆ. ಅವ್ವ ದೀಪ ಹಚ್ಚಿ, ಆ ಕಾಗದಕ್ಕೂ ನನಗೂ ಆರತಿ ಎತ್ತಿದಳು. ಅದನ್ನು ಅತ್ತಿಯ ಮುಂದೆ ಹಿಡಿದೆ. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು.

"ಮುಟ್ಟೂದಿಲ್ಲವಾ. ಮಾತ ಆಡೇನಿ. ಮೊದಲ ಅದು ತೀರಲಿ."

"ಅತ್ತಿ, ಯಾವ ಕಾಲದ ಮಾತದು! ಬಿಡು ಅತ್ತಾಗ."

"ನೀ ನಿಂದು ಬಿಟ್ಟೇನು? ನಾ ಯಾಕ ಬಿಡ್ಲಿ?"

ನಾನು ಕಾಗದವನ್ನು ಮತ್ತೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಟ್ಟೆ.

ಹೀಗೆ ಶುರುವಾಯಿತು ನಮ್ಮ ಹೊಟೇಲು ಹುಡುಕಾಟ. ನಗುವ ವಿಷಯ ಅನಿಸಬಹುದು. ನನಗೆ ನಗು ಬರಲಿಲ್ಲ. ಆ ಕಾಗದ ಅವಳ ಕೈ ಸೇರದೆ ನನ್ನ ಪದವಿ ಪೂರ್ತಿಯಾದಂತೆ ಅನಿಸುತ್ತಿರಲಿಲ್ಲ, ಅವಳಿಗೋ ವಯಸ್ಸು ನಿಲ್ಲುತ್ತಿರಲಿಲ್ಲ.

ಮೊದಲು ಒಂದು ಲಿಂಗಾಯತ ಖಾನಾವಳಿಗೆ ಕರೆದೊಯ್ದೆ. ಕಟಕ್ ರೊಟ್ಟಿ, ಎಣ್ಣೆಗಾಯಿ, ಗೋಡೆಗೆ ಬಸವಣ್ಣನ ಪಟ. ಅತ್ತಿ ಪಟಕ್ಕೆ ಕೈ ಮುಗಿದು ಹೊರಗೆ ಬಂದಳು. "ಇದು ಖಾನಾವಳಿ. ನಾ ಅಂದದ್ದು ಹೊಟೇಲ. ಮಾತಿಗಿ ಮೋಸ ಮಾಡಬ್ಯಾಡ."

ಆಮೇಲೆ ಟಿಳಕವಾಡಿಯ ಒಂದು ಇಡ್ಲಿ ವಡೆಯ ಹೊಟೇಲು. ಮೆಟ್ಟಿಲ ತನಕ ಚೆನ್ನಾಗಿಯೇ ಬಂದಳು. ಒಳಗಿಂದ ಸಾಂಬಾರಿನ ವಾಸನೆ, ತಾಟು ಬಟ್ಟಲುಗಳ ಸಪ್ಪಳ ಬಂದಿದ್ದೇ ನಿಂತುಬಿಟ್ಟಳು. ಸೆರಗಿನ ತುದಿ ಬಾಯಿಗೆ ಹೋಯಿತು. "ಒಲ್ಲೆವಾ. ಇವತ್ತ ಒಲ್ಲೆ." ನನ್ನ ತೋಳು ಹಿಡಿದು ಮೆಟ್ಟಿಲು ಇಳಿದಳು. ಇನ್ನೊಂದು ಕಡೆಯೂ ಹಾಗೇ ಆಯಿತು. ಮಡಿಯ ಹಟ ಎಂದುಕೊಂಡೆ. ಆದರೆ ಹಟ ಹಿಡಿದವಳು ಮೆಟ್ಟಿಲ ತನಕ ಯಾಕೆ ಬರಬೇಕು?

ಆ ದಿನಗಳಲ್ಲೇ ನಮ್ಮ ಕಾರ್ಖಾನೆಯ ಇಂಜಿನಿಯರ್ ಮೇಡಮ್ಮರು ಟಿಳಕವಾಡಿಯ ಕಡೆ ಹೊಸದಾಗಿ ತೆರೆದ ರೆಸ್ಟೊರೆಂಟಿನ ಸುದ್ದಿ ತಂದರು. ಥಾಯ್ಲೆಂಡು, ವಿಯೆಟ್ನಾಮು, ಮಲೇಷಿಯಾ, ಆ ಕಡೆಯ ಊಟ. ಭಾರಿ ಜಾಗ. ಅದರ ಹೆಸರು ನನಗೆ ಇನ್ನೂ ಬಾಯಿಗೆ ಸರಿಯಾಗಿ ಬರುವುದಿಲ್ಲ. "ಅಲ್ಲಿ ಹೋದರೆ ಬೆಳಗಾವಿಯಲ್ಲಿದ್ದೇವೆ ಅಂತಲೇ ಅನಿಸೋದಿಲ್ಲ ನೋಡಿ" ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತು. ಹೊಟೇಲಿನಂತೆ ಕಾಣದ ಹೊಟೇಲು.

ಒಂದು ತೊಡಕಿತ್ತು. ನಾವು ಉಪ್ಪು ಹಾಕಿದ ಹಾಗೆ ಆ ದೇಶದವರು ಎಲ್ಲದಕ್ಕೂ ಮೀನಿನಿಂದ ಇಳಿಸಿದ ಒಂದು ರಸ ಹಾಕುತ್ತಾರಂತೆ. ಅತ್ತಿಯ ಲಿಂಗದ ಮುಂದೆ ಅದು ಬರುವಂತಿಲ್ಲ. ಫೋನು ಮಾಡಿದೆ, ಸಮಾಧಾನವಾಗಲಿಲ್ಲ, ರಜೆ ಹಾಕಿ ಹೋದೆ. ಮದುವೆಯ ರೇಷ್ಮೆ ಸೀರೆ ಉಟ್ಟು, ಅವರಿನ್ನೂ ನೆಲ ಒರೆಸುತ್ತಿದ್ದ ಹೊತ್ತಿಗೆ. ಮ್ಯಾನೇಜರರು ಪಾಪ, ಮದುವೆಯ ಊಟಕ್ಕೆ ಜಾಗ ಬುಕ್ ಮಾಡಲು ಬಂದ ಬೀಗರ ಪೈಕಿ ಎಂದು ತಿಳಿದು ತಂಪು ನೀರು ತರಿಸಿದರು. ಸಸ್ಯಾಹಾರಕ್ಕೆ ಬೇರೆ ಬಾಣಲೆ, ಬೇರೆ ಅಡುಗೆಯವರು, ಆ ರಸದ ಬದಲು ಸೋಯಾದ್ದು ಎಂದು ಒಳಗೆ ಕರೆದೊಯ್ದು ತೋರಿಸಿದರು.

ಮನೆಗೆ ಬಂದು ಎರಡು ಪೆನ್ಸಿಲ್ ಹಿಡಿದು ಚುರುಮುರಿ ಎತ್ತುವ ಅಭ್ಯಾಸ ಮಾಡಿದೆ. ಬಸವರಾಜ ನೋಡಿ ನೋಡಿ, "ಅದೆಲ್ಲಾ ಖರೇ, ಆ ಕಡ್ಡೀಲೆ ರೊಟ್ಟಿ ಹೆಂಗ ಮುರೀತಿ?" ಎಂದು ಕೇಳಿದ. ಚುರುಮುರಿಯಲ್ಲಿ ಅರ್ಧ ಅವನ ಪಾಲಾಯಿತು.

ಆ ದಿನ ಅತ್ತಿ ಬೆಳಗಿನ ಬಸ್ಸಿಗೆ ಬಂದಳು. ನಮ್ಮ ಮನೆಯಲ್ಲಿ ಪೂಜೆ ಮಾಡಿಕೊಂಡು, ನಾನು ಕೊಡಿಸಿದ ಖಾಸಬಾಗದ ಸೀರೆ ಉಟ್ಟು ಹೊರಟಳು. ಕೈಚೀಲದಲ್ಲಿ ಅವಳ ಊಟದ ಗಂಗಾಳ, ಮುಚ್ಚಳದ ಕ್ಯಾನಿನಲ್ಲಿ ಮನೆಯ ನೀರು. ಒಳ್ಳೆಯದೇ ಆಯಿತು, ತನ್ನ ತಾಟಿನಲ್ಲೇ ಉಣ್ಣಲಿ ಎಂದುಕೊಂಡೆ.

ಗಾಜಿನ ಬಾಗಿಲ ಹೊರಗೆ ಅವಳು ಚಪ್ಪಲಿ ಬಿಟ್ಟಳು. ಸೆಕ್ಯುರಿಟಿಯವ ಓಡಿ ಬಂದ.

"ಅಜ್ಜಿ, ಚಪ್ಪಲ್ ಹಾಕ್ಕೊಂಡ ಬರ್ರಿ, ನಡೀತೈತಿ."

"ನಿನಗ ನಡೀತೈತಪಾ. ಅನ್ನಕ್ಕ ನಡೀಬೇಕಲ್ಲ?"

ಅವನು ಬಾಗಿಲು ತೆರೆದು ಬದಿಗೆ ಸರಿದ. ನಾನೂ ನನ್ನ ಹೊಸ ಚಪ್ಪಲಿ ಬಿಟ್ಟೆ. ಎರಡೂ ಜೋಡಿ ಅಲ್ಲಿನ ಹೂವಿನ ಕುಂಡದ ಬಾಜು ಗುಡಿಯ ಮುಂದೆ ಬಿಟ್ಟ ಹಾಗೆ ಕೂತವು. ಒಳಗೆ ನೆಲ ತಣ್ಣಗಿತ್ತು. ಬಿದಿರಿನ ತಟ್ಟಿಗಳು, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಮಬ್ಬು ಬೆಳಕು.

"ಕರೆಂಟ್ ಹೋಗೈತೇನ?"

"ಇಲ್ಲತ್ತಿ. ಬೇಕಂತಲೇ ಹಿಂಗ ಇಟ್ಟಾರ."

"ಉಣ್ಣೂದು ಕಾಣಬಾರದಂತೇನ?"

ಹಾಗೆಂದಳು, ಆದರೆ ಮೂಗು ಅರಳಿಸಿ ಸುತ್ತ ನೋಡಿ, ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತಳು. ಕೂತಳು! "ಇಲ್ಲಿ ಗುರ್ತಿನದು ಏನೂ ಇಲ್ಲ ನೋಡು" ಎಂದಳು. ಅವಳ ದನಿಯಲ್ಲಿ ಸಮಾಧಾನವಿತ್ತು. ಅದು ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಕಪ್ಪು ಕೋಟಿನವರೊಬ್ಬರು ಬಂದು ಇಂಗ್ಲಿಷಿನಲ್ಲಿ ಸ್ವಾಗತಿಸಿದರು. ನಾನೂ ಇಂಗ್ಲಿಷಿನಲ್ಲೇ ಉತ್ತರಿಸಿದೆ. ಮೆನು ತೆರೆದಾಗ ಗೊತ್ತಾಯಿತು, ಪದವಿಯಲ್ಲಿ ಓದಿದ ಇಂಗ್ಲಿಷು ಅದರಲ್ಲಿ ಒಂದು ಸಾಲೂ ಇಲ್ಲ. ಬೆರಳಿಟ್ಟು ತೋರಿಸುತ್ತ ಹೋದೆ. ಅತ್ತಿ ಆತನ ಮುಖವನ್ನೇ ನೋಡುತ್ತಿದ್ದಳು.

"ಯಾ ಊರಪ್ಪಾ ನಿಂದು?"

ಆತ ಒಮ್ಮೆ ಹಿಂದೆ ನೋಡಿ ದನಿ ತಗ್ಗಿಸಿದ. "ನಂದಗಡ, ಅಜ್ಜಿ." ನಮ್ಮ ಖಾನಾಪುರದ ಬಾಜು ಊರು.

"ಮತ್ತ ಆಗಿಂದ ಯಾವ ಸೀಮಿ ಮಾತ ಆಡಾಕತ್ತಿದ್ಯೋ?"

"ಹೊಟ್ಟಿಪಾಡ್ರಿ" ಎಂದು ನಕ್ಕ. ನಮ್ಮ ಮೇಜಿನ ಮೇಲೆ ಇಂಗ್ಲಿಷು ಅಲ್ಲಿಗೆ ಮುಗಿಯಿತು.

ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟು ಅನ್ನ, ತೆಂಗಿನ ಹಾಲಿನಲ್ಲಿ ಕುದಿಸಿದ ತರಕಾರಿ, ಬಟ್ಟಲಲ್ಲಿ ನಿಂಬೆಹುಲ್ಲಿನ ತೆಳುವಾದ ಸಾರು ಬಂದವು. ಅತ್ತಿ ಸಾರಿನ ಹಬೆಗೆ ಮುಖ ತಂದಳು.

"ಇದು ಗವತಿ ಚಹಾದ ಹುಲ್ಲಲ್ಲೇನ? ನಮ್ಮ ಬಚ್ಚಲ ಹಿಂದ ಬೆಳದೈತಲ್ಲ?"

"ಅದೇ ರೀ ಅಜ್ಜಿ."

"ನಾವು ಚಹಾಕ್ಕ ಹಾಕತೇವಿ, ಇವರು ಸಾರಿಗಿ ಹಾಕ್ಯಾರ. ಇರಲಿ, ಊರಿಗೊಂದ ರೂಢಿ."

ನಾನು ಚೀಲದಿಂದ ಗಂಗಾಳ ತೆಗೆದು ಅವಳ ಮುಂದಿಟ್ಟೆ. ಅವಳು ಅದನ್ನು ಹಿಂದಕ್ಕೆ ಸರಿಸಿದಳು. "ಬ್ಯಾಡ. ಇವರ ತಾಟಿನ್ಯಾಗ ಉಣತೇನಿ." ನಾನು ಮುಖ ನೋಡಿದೆ. ನಮ್ಮ ಬೀಗರ ಮನೆಗೂ ತನ್ನ ಗಂಗಾಳ ಒಯ್ಯುವ ಹೆಂಗಸು! ಕಲ್ಲಿನಂಥ ಆ ಕಪ್ಪು ತಾಟಿನಲ್ಲಿ ಬಡಿಸಿಕೊಂಡು, ಲಿಂಗದಕಾಯಿಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ಮೊದಲ ತುತ್ತು. ನನ್ನ ಕಡ್ಡಿಗಳ ತುದಿಯಿಂದ ಅನ್ನ ಜಾರಿ ಬಿತ್ತು. ನಾನೂ ಕೈಯಿಂದಲೇ ಉಂಡೆ.

"ರುಚಿ ಐತಿ" ಎಂದಳು. ಇನ್ನೆರಡು ತುತ್ತು ಉಂಡಳು. ಮತ್ತೆ, "ರುಚಿ ಐತಿ" ಎಂದು ಕೈ ನಿಲ್ಲಿಸಿದಳು. ತಾಟಿನಲ್ಲಿ ಅರ್ಧ ಹಾಗೇ ಇತ್ತು. ಅವಳ ನೋಟ ಎಲ್ಲಿಯೋ ಇತ್ತು.

ದೊಡ್ಡ ಜಾಗಗಳಲ್ಲಿ ಒಂದು ಪದ್ಧತಿಯಿದೆ. ಕೈ ನಿಂತಿತೆಂದರೆ ತಾಟು ಎತ್ತಿಕೊಂಡು ಹೋಗುತ್ತಾರೆ. ಹಿಂದಿನಿಂದ ಇನ್ನೊಬ್ಬರು ಸಪ್ಪಳವಿಲ್ಲದೆ ಬಂದು ಅತ್ತಿಯ ತಾಟಿಗೆ ಕೈ ಹಾಕಿದರು. ಅತ್ತಿ ಎರಡೂ ಕೈಯಿಂದ ಅದರ ಅಂಚು ಹಿಡಿದಳು.

"ಒಯ್ಯಬ್ಯಾಡಪಾ! ನಂದಿನ್ನೂ ಮುಗದಿಲ್ಲ."

ಬಾಜು ಮೇಜಿನವರು ತಿರುಗಿ ನೋಡಿದರು. ನಂದಗಡದಾತ ಬಂದು ಆ ಇನ್ನೊಬ್ಬರನ್ನು ಮೆಲ್ಲಗೆ ಕರೆದುಕೊಂಡು ಹೋದ. ಅತ್ತಿ ತಾಟು ಬಿಡಲಿಲ್ಲ. ತಾಟಿಗೇ ಹೇಳುವಂತೆ ಹೇಳಿದಳು.

"ನಿಮ್ಮ ಮಾಮಾ ಇಲ್ಲೇ ಬೆಳಗಾವ್ಯಾಗ ದವಾಖಾನ್ಯಾಗಿದ್ದ. ಜ್ವರ ಇಳೀವಲ್ದಾಗಿತ್ತು. ನಾ ಬಾಯಾಗ ಏನೂ ಹಾಕಿದ್ದಿಲ್ಲ. ನಿಮ್ಮಪ್ಪ ಆಗ ಇನ್ನ ಸಣ್ಣಾಂವ. ಅಕ್ಕಾ, ಎದುರಿಗೇ ಹೊಟೇಲ ಐತಿ, ಒಂದ ತುತ್ತ ಉಣ್ಣ ನಡಿ, ನನ್ನ ಸಲುವಾಗಿ ಅಂದ. ಆಣಿ ಹಾಕಿದ. ಹ್ವಾದೆ. ಇಡ್ಲಿ ಕೊಟ್ರು. ಹಸದಿದ್ನೆಲ್ಲ, ಭಾಳ ರುಚಿ ಹತ್ತಿತು. ಖರೇ ಹೇಳತೇನಿ ಲೀಲಾ, ಭಾಳ ರುಚಿ ಹತ್ತಿತು. ಅರ್ಧಾ ಉಂಡಿದ್ದೆ. ದವಾಖಾನಿ ಆಳು ಬಾಗಲದಾಗ ನಿಂತು ನಿಮ್ಮಪ್ಪನ್ನ ಕರದ. ತಮ್ಮ ಹೊಳ್ಳಿ ಬಂದಾಗ ಅವನ ಮಾರಿ ನೋಡಿದೆ. ತಾಟ ಹಂಗೇ ಬಿಟ್ಟ ಎದ್ದೆ."

ನಾನು ಕೈಯೊಳಗಿನ ತುತ್ತನ್ನು ತಾಟಿನಲ್ಲಿಟ್ಟೆ.

"ಅಂವ ಜೀವಾ ಬಿಡೂ ಹೊತ್ತಿನ್ಯಾಗ ನಾ ರುಚಿ ನೋಡಾಕತ್ತಿದ್ದೆ. ಪ್ರಸಾದ ಬಿಟ್ಟ ಬಂದೆ, ಋಣ ಅಲ್ಲೇ ಉಳೀತು. ನೀ ಓದಬಾರದಂತ ಆ ಮಾತ ಅಂದಾಕಿ ಅಲ್ಲವಾ ನಾನು. ಆಗದ ಮಾತಂದ್ರ ನನಗ ಗೊತ್ತಿದ್ದದ್ದು ಅದೊಂದ."

ಅಂದು ಪಡಸಾಲೆಯಿಂದ ಎದ್ದು ಹೋದ ಅಪ್ಪನ ಬೆನ್ನು ನನ್ನ ಕಣ್ಣಿಗೆ ಕಟ್ಟಿತು. ಒಮ್ಮೆ ಅಕ್ಕನಿಗೆ ಉಣ್ಣು ಎಂದಿದ್ದ. ಆಮೇಲೆ ಜೀವಮಾನದಲ್ಲಿ ಯಾರಿಗೂ ಅನ್ನಲಿಲ್ಲ.

ನಾನೂ ಅತ್ತಿಗೆ ಉಣ್ಣು ಎನ್ನಲಿಲ್ಲ. ಅವಳೇ ತಾಟಿನ ಅಂಚು ಬಿಟ್ಟು ಅನ್ನಕ್ಕೆ ಕೈ ಹಾಕಿದಳು. ಅವಸರವಿಲ್ಲದೆ, ಮನೆಯಲ್ಲಿ ಉಣ್ಣುವ ಹಾಗೆ, ಅಗುಳು ಬಿಡದೆ ಉಂಡಳು. ಬಾಳೆ ಎಲೆಗೆ ಅಂಟಿದ್ದನ್ನೂ ಬಿಡಿಸಿಕೊಂಡಳು. ತನ್ನ ಕ್ಯಾನಿನಿಂದ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಎರಡೂ ಕೈಯಿಂದ ಎತ್ತಿ, ಕಡೆಯ ಹನಿಯ ತನಕ ಕುಡಿದಳು. ಬಾಜು ಮೇಜಿನವರು ನೋಡಿದರೋ ಇಲ್ಲವೋ ನಾನು ನೋಡಲಿಲ್ಲ. ನಂದಗಡದಾತ ಮಾತ್ರ ಬಿದಿರು ತಟ್ಟಿಯ ಹತ್ತಿರ ನಿಂತಿದ್ದ. ಅವಳು ತಾಟು ಕೆಳಗಿಟ್ಟು ಕೈ ಒರೆಸಿಕೊಂಡ ಮೇಲೆಯೇ ಬಂದು ಅದನ್ನು ಎತ್ತಿಕೊಂಡ, ಎರಡೂ ಕೈಯಿಂದ. ಹೊರಡುವಾಗ ಆ ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟವನೂ ಆತನೇ.

"ಕೊಡು ಈಗ" ಎಂದು ಅತ್ತಿ ಅಂಗೈಗಳನ್ನು ಜೋಡಿಸಿ ಮುಂದೆ ಚಾಚಿದಳು.

ನಾನು ಎದ್ದು ನಿಂತು, ಪ್ಲಾಸ್ಟಿಕ್ ಹೊದಿಕೆಯಿಂದ ಪ್ರಮಾಣಪತ್ರ ತೆಗೆದು ಅವಳ ಕೈಯಲ್ಲಿಟ್ಟೆ. ಅವಳು ಅದನ್ನು ಲಿಂಗದಕಾಯಿಗೆ ಮುಟ್ಟಿಸಿ, ಮೇಜಿನ ಮೇಲೆ ಹರವಿದಳು.

"ನಿನ್ನ ಹೆಸರ ಯಾವುದು?"

ಬೆರಳಿಟ್ಟು ತೋರಿಸಿದೆ. ಅವಳ ಬೆರಳು ಅದರ ಮೇಲೆ ನಿಧಾನವಾಗಿ ಹರಿದು, ಮುಂದಿನ ಅಕ್ಷರಗಳ ಹತ್ತಿರ ನಿಂತಿತು.

"ಇದು?"

"ಅಪ್ಪನ ಹೆಸರು."

ಬೆರಳು ಅಲ್ಲಿಂದ ಏಳಲಿಲ್ಲ. ಮಬ್ಬು ಬೆಳಕಿನಲ್ಲಿ ಅವಳು ಆ ಹೆಸರಿನ ಮೇಲೆ ಬಾಗಿದಳು.

"ಉಂಡೆ ನೋಡೋ ತಮ್ಮಾ" ಎಂದಳು. "ಪೂರಾ ಉಂಡೆ."